ಕಾಗುಣಿತವಿಲ್ಲದ ಊರಿನಲ್ಲಿ

ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿದವರಿಗೆ ಒಂದು ಸಣ್ಣ ಜಂಬ ಇರುತ್ತದೆ. ನಮ್ಮದು ಬರೆದ ಹಾಗೆ ಓದುವ, ಓದಿದ ಹಾಗೆ ಬರೆಯುವ ಭಾಷೆ ಎಂಬ ಜಂಬ. ಇಂಗ್ಲಿಷಿನವರು ಚಾಕುವಿಗೆ ‘ನೈಫ್’ ಎನ್ನಲು ಮುಂದೊಂದು ‘ಕೆ’ ಕೂರಿಸಿ, ಅದಕ್ಕೆ ಬಾಯಿ ಬಿಡಬೇಡವೆಂದು ತಾಕೀತು ಮಾಡಿರುವುದನ್ನು ಕಂಡಾಗಲೆಲ್ಲ ಈ ಜಂಬ ಗೇಣುದ್ದ ಬೆಳೆಯುತ್ತದೆ. ಅದು ಇಳಿಯಬೇಕಾದರೆ ಅರಬ್ಬಿ ಕಲಿಯಲು ಕೂರಬೇಕು.

ನಾನು ಮಸ್ಕತ್ತಿಗೆ ಬಂದದ್ದು ಲೆಕ್ಕಪತ್ರ ಬರೆಯುವ ಕೆಲಸಕ್ಕೆ. ಭಾಷೆ ಕಲಿಯಲೇಬೇಕೆಂಬ ಒತ್ತಾಯವೇನೂ ಇರಲಿಲ್ಲ. ಇಲ್ಲಿ ಹಿಂದಿಯಲ್ಲಿ ತರಕಾರಿ ಕೊಳ್ಳಬಹುದು, ಮಲಯಾಳದಲ್ಲಿ ಚಹಾ ಕುಡಿಯಬಹುದು, ಉರ್ದುವಿನಲ್ಲಿ ಅಂಗಿ ಹೊಲಿಸಬಹುದು. ಆದರೂ ದಿನಾ ಕಣ್ಣೆದುರಿಗೇ ಇರುವ ಬೋರ್ಡುಗಳನ್ನು ಓದಲಾಗದೆ ಓಡಾಡುವುದೆಂದರೆ ಓದುಬರಹ ಬಲ್ಲವನಿಗೆ ಒಂಥರಾ ತುರಿಕೆ. ಸಂಜೆಯ ತರಗತಿಯೊಂದಕ್ಕೆ ಹೆಸರು ಕೊಟ್ಟೆ. ಈಜಿಪ್ಟಿನ ಉಸ್ತಾದರು, ವಯಸ್ಸಾದವರು, ನಗುಮೊಗದವರು, ಕರಿಹಲಗೆಯ ಬಲತುದಿಯಿಂದ ಎಡಕ್ಕೆ ಬರೆಯುತ್ತ ನಡೆದು ಬಾಗಿಲ ಹತ್ತಿರ ಬಂದು ನಿಲ್ಲುವವರು. 28 ಅಕ್ಷರಗಳು. ಹೆಚ್ಚಿನವಕ್ಕೆ ಪದದ ಮೊದಲಿಗೊಂದು ವೇಷ, ನಡುವಿಗೊಂದು, ಕೊನೆಗೊಂದು. ಯಕ್ಷಗಾನ ನೋಡಿ ಬೆಳೆದವನಿಗೆ ವೇಷದ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಅಕ್ಷರಗಳೆಲ್ಲ ಮುಗಿದ ದಿನ ಕೈಯೆತ್ತಿ ಕೇಳಿದೆ: “ಉಸ್ತಾದ್, ಇವೆಲ್ಲ ವ್ಯಂಜನಗಳಾದವು. ಸ್ವರಗಳು ಯಾವಾಗ ಬರುತ್ತವೆ?”

“ಸ್ವರ ಬರುವುದಿಲ್ಲ. ಅವನ್ನು ನೀವೇ ತರಬೇಕು” ಎಂದರು.

ಮಾತು ಸ್ವಲ್ಪ ಉತ್ಪ್ರೇಕ್ಷೆಯದು. ಅರಬ್ಬಿಯಲ್ಲಿ ಮೂರು ದೀರ್ಘ ಸ್ವರಗಳಿವೆ, ಅವಕ್ಕೆ ಅಕ್ಷರಗಳೂ ಇವೆ. ಆ ಎನ್ನಲು ಅಲಿಫ್, ಊ ಎನ್ನಲು ವಾವ್, ಈ ಎನ್ನಲು ಯಾ. ಇವರಲ್ಲಿ ಕೊನೆಯ ಇಬ್ಬರಿಗೆ ಎರಡೆರಡು ಉದ್ಯೋಗ: ವಾವ್ ಒಮ್ಮೆ ವಕಾರ, ಒಮ್ಮೆ ಊಕಾರ, ಯಾ ಒಮ್ಮೆ ಯಕಾರ, ಒಮ್ಮೆ ಈಕಾರ. ಯಾವಾಗ ಯಾವ ಕೆಲಸದಲ್ಲಿದ್ದಾರೆ ಎಂಬುದನ್ನು ಅಕ್ಕಪಕ್ಕದವರನ್ನು ನೋಡಿ ತಿಳಿಯಬೇಕು. ಇನ್ನು ಹ್ರಸ್ವ ಸ್ವರಗಳೂ ಮೂರೇ. ಅಕ್ಷರದ ನೆತ್ತಿಯ ಮೇಲೆ ಒಂದು ಓರೆ ಗೆರೆ ಎಳೆದರೆ ಅ; ಅದು ಫತ್‌ಹಾ. ಅದೇ ಗೆರೆ ಕಾಲ ಕೆಳಗೆ ಹೋದರೆ ಇ; ಅದು ಕಸ್ರಾ. ನೆತ್ತಿಯ ಮೇಲೆ ಪುಟ್ಟ ಸುರುಳಿಯಿದ್ದರೆ ಉ, ಅದು ದಮ್ಮಾ. ಸ್ವರವೇ ಇಲ್ಲವೆಂದು ಹೇಳಲು ಸಣ್ಣ ಸೊನ್ನೆ, ಅದು ಸುಕೂನ್. ಅಕ್ಷರಕ್ಕೆ ಒತ್ತು ಕೊಡಲು ಮೂರು ಹಲ್ಲಿನ ಗುರುತು, ಅದು ಶದ್ದಾ. ಅಲ್ಲಿಗೆ ಕಾಗುಣಿತ ಮುಗಿಯಿತು. ‘ಕ’ದಿಂದ ‘ಕಃ’ವರೆಗೆ ರಾಗ ಎಳೆದು ಬಾಯಿಪಾಠ ಮಾಡಿದವನಿಗೆ ಇದು ಬೇಸಿಗೆ ರಜೆ ಸಿಕ್ಕಿದ ಹಾಗೆ.

ಎ, ಏ, ಒ, ಓ ಎಲ್ಲಿ ಎಂದು ಕೇಳುವಿರಿ. ಪುಸ್ತಕದ ಅರಬ್ಬಿಯಲ್ಲಿ ಅವಿಲ್ಲ. ಬೀದಿಯ ಅರಬ್ಬಿಯಲ್ಲಿವೆ; ಮನೆಗೆ ಪುಸ್ತಕ ‘ಬಯ್ತ್’ ಎಂದರೆ ಕೈರೋದ ಜನ ‘ಬೇತ್’ ಎನ್ನುತ್ತಾರೆ, ದಿನಕ್ಕೆ ‘ಯವ್ಮ್’ ಎಂದಿರುವುದನ್ನು ‘ಯೋಮ್’ ಮಾಡಿಕೊಳ್ಳುತ್ತಾರೆ. ಆದರೆ ಬರೆಯುವಾಗ ಅವಕ್ಕೆ ಬೇರೆ ಗುರುತಿಲ್ಲ. ಹಾಗಾಗಿ ಇಲ್ಲಿನ ಅಂಗಡಿಯ ಮುಂದೆ ಇಂಗ್ಲಿಷಿನಲ್ಲಿ ಕೋಕಾ ಕೋಲಾ ಆಗಿರುವುದು ಅರಬ್ಬಿಯಲ್ಲಿ ಅಕ್ಷರ ಹಿಡಿದು ಓದಿದರೆ ‘ಕೂಕಾ ಕೂಲಾ’. ಪಕಾರವೂ ಇಲ್ಲವಾದ್ದರಿಂದ ಪೆಪ್ಸಿ ‘ಬೀಬ್ಸೀ’. ನಮ್ಮ ಹೆಸರುಗಳ ಗತಿಯೂ ಅಷ್ಟೆ. ಗೋಪಾಲ ಎಂಬ ಸಾಧು ಹೆಸರನ್ನೇ ತೆಗೆದುಕೊಳ್ಳಿ. ಪುಸ್ತಕದ ಅರಬ್ಬಿಯಲ್ಲಿ ಗ ಇಲ್ಲ, ಓ ಇಲ್ಲ, ಪ ಇಲ್ಲ. ಗುಮಾಸ್ತ ಗಂಟಲಿನಿಂದ ಹೊರಡುವ ಘೈನ್ ಒಂದನ್ನು ಗಕಾರದ ಜಾಗಕ್ಕೆ ಕೂರಿಸಿ, ವಾವ್ ಸೇರಿಸಿ, ಬ ಬರೆದು ಕಾರ್ಡು ಕೈಗಿಟ್ಟರೆ ಅದರಲ್ಲಿರುವವನು ‘ಘೂಬಾಲ್’. ಗೂಬೆಯೂ ಬಂತು, ಬಾಲವೂ ಬಂತು. ಗೋವೂ ಹೋಯಿತು, ಪಾಲಕನೂ ಹೋದ.

ಇಷ್ಟನ್ನೂ ಸಹಿಸಬಹುದಿತ್ತು. ನಿಜವಾದ ಪೆಟ್ಟು ಬೀಳುವುದು ದಿನಪತ್ರಿಕೆ ಬಿಡಿಸಿದಾಗ. ಕಷ್ಟಪಟ್ಟು ಕಲಿತ ಫತ್‌ಹಾ, ಕಸ್ರಾ, ದಮ್ಮಾಗಳು ಅಲ್ಲಿ ಹುಡುಕಿದರೂ ಇಲ್ಲ! ಕುರ್‌ಆನಿನಲ್ಲಿವೆ, ಮಕ್ಕಳ ಪುಸ್ತಕದಲ್ಲಿವೆ, ಹಳೆಯ ಕಾವ್ಯದ ಒಳ್ಳೆಯ ಮುದ್ರಣಗಳಲ್ಲಿವೆ. ಪತ್ರಿಕೆ, ಕಾದಂಬರಿ, ಸರಕಾರಿ ಸುತ್ತೋಲೆ, ಔಷಧದ ಡಬ್ಬಿ, ಬ್ಯಾಂಕಿನ ಪತ್ರ, ಎಲ್ಲವೂ ಬೋಳು. ದೊಡ್ಡವರಾದ ಮೇಲೆ ಗೆರೆ ಯಾಕೆ ಎಂದು ಅರಬ್ಬರು ಕೇಳುತ್ತಾರೆ. ಬೇರೆಯವರು ಓದಿ ತಿಳಿದುಕೊಳ್ಳುತ್ತಾರೆ, ನಾವು ತಿಳಿದುಕೊಂಡು ಓದುತ್ತೇವೆ ಎಂದು ಅವರಲ್ಲೇ ಒಂದು ನಗೆಮಾತೂ ಇದೆ.

ನಮ್ಮ ಬೀದಿಯಲ್ಲಿ ಭಟ್ಕಳದ ಸಾಹೇಬರೊಬ್ಬರ ಅಂಗಡಿಯಿದೆ. ಮನೆಯಲ್ಲಿ ಅವರಾಡುವುದು ನವಾಯತಿ. ಅದು ಕೊಂಕಣಿಯ ಕಡೆಯ ಮಾತು, ಬರೆಯುವುದು ಮಾತ್ರ ಅರಬ್ಬಿ-ಫಾರಸಿ ಲಿಪಿಯಲ್ಲಿ. ನನ್ನ ಜೊತೆ ಅಪ್ಪಟ ಉತ್ತರ ಕನ್ನಡದ ಕನ್ನಡ. ಚಿಕ್ಕಂದಿನಲ್ಲಿ ಮದರಸಾದಲ್ಲಿ ಅವರು ಈ ಗೆರೆಗಳನ್ನು ಕಲಿತದ್ದು ಫಾರಸಿ ಹೆಸರಿನಲ್ಲಿ: ಮೇಲಿನದು ಜಬರ್, ಕೆಳಗಿನದು ಜೇರ್, ಸುರುಳಿ ಪೇಶ್. “ಅಲಿಫ್ ಜಬರ್ ಅ, ಅಲಿಫ್ ಜೇರ್ ಇ, ಅಲಿಫ್ ಪೇಶ್ ಉ” ಎಂದು ತಲೆದೂಗಿ ಒಪ್ಪಿಸಿದ್ದನ್ನು ಈಗಲೂ ಅದೇ ಧಾಟಿಯಲ್ಲಿ ಹೇಳಿ ತೋರಿಸುತ್ತಾರೆ. ಕುರ್‌ಆನ್ ಓದಲು ಕೂತರೆ ಎಲ್ಲೂ ತಡವರಿಸುವುದಿಲ್ಲ. ಒಂದು ದಿನ ಗಲ್ಲಾಪೆಟ್ಟಿಗೆಯ ಮೇಲಿದ್ದ ಅರಬ್ಬಿ ಪತ್ರಿಕೆಯನ್ನು ಅವರ ಕಡೆ ತಳ್ಳಿ, “ಸಾಹೇಬ್ರೇ, ಇದೊಂದು ಸಾಲು ಓದಿ ನೋಡುವ” ಎಂದೆ. ಕನ್ನಡಕ ಏರಿಸಿದರು, ಹಣೆ ಗಂಟಿಕ್ಕಿದರು, ಪತ್ರಿಕೆ ಮಡಚಿ ನನಗೇ ಕೊಟ್ಟರು.

“ಹೆಗಡೇರೆ, ಗೆರೆ ಇದ್ರೆ ನಾ ಹುಲಿ. ಗೆರೆ ತೆಗೆದ್ರೆ ಇಲಿ.”

ಅಲ್ಲೇ ಚಹಾ ಕುಡಿಯುತ್ತಿದ್ದ ಲೆಬನಾನಿನ ಕ್ರೈಸ್ತ ತರುಣ ಅದೇ ಸಾಲನ್ನು ಗಡಗಡನೆ ಓದಿ ಮುಂದಿನ ಪುಟಕ್ಕೆ ಹೋದ. ಗೆರೆ ನೋಡಿ ಓದುವವನಿಗೆ ಅರ್ಥ ಬೇಕಿಲ್ಲ. ಅರ್ಥ ಗೊತ್ತಿದ್ದು ಓದುವವನಿಗೆ ಗೆರೆ ಬೇಕಿಲ್ಲ. ನನ್ನಂಥವನಿಗೆ ಎರಡೂ ಬೇಕು.

ಹೀಗೆ ಅರ್ಧಂಬರ್ಧ ಬರೆದು ಇವರ ಸಂಸಾರ ಹೇಗೆ ನಡೆಯುತ್ತದೆ ಎಂಬ ಕುತೂಹಲದಿಂದ ಕನ್ನಡವನ್ನೂ ಅದೇ ಕ್ರಮದಲ್ಲಿ ಬರೆದು ನೋಡಿದೆ. ಹ್ರಸ್ವ ಸ್ವರ ಬಿಡಬೇಕು, ಒತ್ತೂ ಬಿಡಬೇಕು. ಕಾಗದದ ಮೇಲೆ ‘ಮ್ ಗ್’ ಎಂಬ ಎರಡು ಅಕ್ಷರ ಉಳಿಯಿತು. ಅದು ಮಗ ಆಗಬಹುದು, ಮಗು ಆಗಬಹುದು, ಮಗ್ಗ, ಮೊಗ, ಮೊಗ್ಗು, ಮುಗಿ ಏನೂ ಆಗಬಹುದು. ‘ಕ್ ಲ್’ ಬರೆದರೆ ಕಲಿ, ಕಲೆ, ಕುಲ, ಕಲ್ಲು. ಕೊನೆಗೆ ಕೊಲೆಯೂ ಹೌದು. ಇಂಥ ಲಿಪಿಯಲ್ಲಿ ಕನ್ನಡಿಗನೊಬ್ಬ ಊರಿಗೆ ಪತ್ರ ಬರೆದರೆ ಪೋಲೀಸರು ಮನೆಗೆ ಬಂದಾರು. ನಮ್ಮ ದೇಶದಲ್ಲೂ ಈ ಪ್ರಯೋಗ ನಡೆದಿತ್ತು. ಮಾರವಾಡಿ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದ ಮಹಾಜನಿ ಲಿಪಿಯಲ್ಲಿ ಸ್ವರದ ಗುರುತು ಬಿಡುವ ರೂಢಿಯಿತ್ತು. ಸೇಠರು ಅಜ್ಮೇರಿಗೆ ಹೋಗಿದ್ದಾರೆ, ದೊಡ್ಡ ಲೆಕ್ಕದ ಪುಸ್ತಕ ಕಳಿಸಿ ಎಂದು ಗುಮಾಸ್ತ ಬರೆದ. ‘ಅಜ್ಮೇರ್ ಗಯೇ, ಬಡೀ ಬಹೀ ಭೇಜ್ ದೋ’. ಮನೆಯವರು ಅದನ್ನು ‘ಆಜ್ ಮರ್ ಗಯೇ, ಬಡೀ ಬಹೂ ಭೇಜ್ ದೋ’ ಎಂದು ಓದಿದರು. ಸೇಠರು ಇವತ್ತು ತೀರಿಕೊಂಡರು, ಹಿರಿಸೊಸೆಯನ್ನು ಕಳಿಸಿ! ಹಿರಿಸೊಸೆ ಅಳುತ್ತ ಗಾಡಿ ಹತ್ತಿದಳಂತೆ. ಕಥೆ ಕಟ್ಟುಕಥೆಯೇ ಇರಬಹುದು, ಲಿಪಿ ಮಾತ್ರ ಕಟ್ಟುಕಥೆಯಲ್ಲ.

ಹಾಗಾದರೆ ಅರಬ್ಬರ ಮನೆಯಲ್ಲಿ ದಿನಾ ಸೊಸೆಯರು ಗಾಡಿ ಹತ್ತುವುದಿಲ್ಲ ಯಾಕೆ? ಉತ್ತರ ಇರುವುದು ಅವರ ಲಿಪಿಯಲ್ಲಲ್ಲ, ಭಾಷೆಯ ಕಟ್ಟಡದಲ್ಲಿ. ಮಗನಿಗೂ ಮಗ್ಗಕ್ಕೂ ಮೊಗ್ಗಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅರಬ್ಬಿಯಲ್ಲಿ ‘ಕ್-ತ್-ಬ್’ ಎಂಬ ಮೂರು ಅಕ್ಷರ ಬಂದರೆ ಅಲ್ಲಿ ಬರವಣಿಗೆಯ ಸಮಾಚಾರವೇ ನಡೆದಿದೆ ಎಂದು ಖಾತ್ರಿ. ಕತಬ ಎಂದರೆ ಬರೆದ, ಕುತಿಬ ಎಂದರೆ ಬರೆಯಲಾಯಿತು, ಕುತುಬ್ ಎಂದರೆ ಪುಸ್ತಕಗಳು, ಕಿತಾಬ್ ಒಂದು ಪುಸ್ತಕ, ಕಾತಿಬ್ ಬರೆಯುವವನು, ಮಕ್ತಬ್ ಬರೆಯುವ ಜಾಗ, ಅಂದರೆ ಕಚೇರಿ. ವ್ಯಂಜನಗಳು ವಿಷಯ ಏನೆಂದು ಹೇಳುತ್ತವೆ. ಯಾರು, ಎಲ್ಲಿ, ಎಷ್ಟು, ಯಾವಾಗ ಎಂಬುದನ್ನು ನಡುವಿನ ಸ್ವರಗಳು ಹೇಳುತ್ತವೆ. ವಾಕ್ಯ ನೋಡಿದರೆ ಬರೆದನೋ ಪುಸ್ತಕವೋ ಎಂಬುದು ಸಾಮಾನ್ಯವಾಗಿ ತಾನೇ ತಿಳಿಯುತ್ತದೆ. ನಮ್ಮ ವೈಯಾಕರಣರು ಸ್ವರ ಸ್ವತಂತ್ರ, ವ್ಯಂಜನ ಅದನ್ನು ನೆಚ್ಚಿಕೊಂಡದ್ದು ಎಂದರು. ಅರಬ್ಬರ ಲೆಕ್ಕದಲ್ಲಿ ಅಕ್ಷರವೇ ಗಟ್ಟಿ ಪದಾರ್ಥ. ಸ್ವರ ಅದರ ಚಲನೆ ಮಾತ್ರ. ಎರಡೂ ಅವರವರ ಭಾಷೆಗೆ ಸರಿ.

ಇದೇನೋ ದೂರದ ವಿಚಾರ ಎನ್ನಬೇಡಿ. ನಮ್ಮ ತಾಲೂಕು ಕಚೇರಿಯಲ್ಲಿ ಇದೇ ಲೀಲೆ ಶತಮಾನಗಳಿಂದ ನಡೆದಿದೆ. ಆರೋಪಿ ಕೋರ್ಟಿಗೆ ಹಾಜರು. ಹಿಂದೆ ದೊರೆಯ ಸನ್ನಿಧಿಗೆ, ದೊಡ್ಡ ಅಧಿಕಾರಿಯ ಕಚೇರಿಗೆ ಹುಜೂರು ಎನ್ನುತ್ತಿದ್ದರು. ಕಳ್ಳತನವಾದ ಜಾಗದಲ್ಲಿ ಪಂಚರೆದುರು ಬರೆಯುವುದು ಮಹಜರು. ಮೂರೂ ಒಂದೇ ಅರಬ್ಬಿ ಧಾತುವಿನಿಂದ ಬಂದವು, ಇರುವಿಕೆಯ ಅರ್ಥದ್ದು. ಇದ್ದವನು, ಇರುವಿಕೆ, ಇದ್ದು ಬರೆದದ್ದು. ಅರಬ್ಬಿಯ ದಕಾರ ಫಾರಸಿಯ ಬಾಯಲ್ಲಿ ಜಕಾರವಾಗಿ ನಮಗೆ ಮುಟ್ಟಿತು. ಮಹಜರಿಗೆ ಹಾಜರಾಗಿ ರುಜು ಹಾಕಿದ ನಮ್ಮ ಪಂಚರಿಗೆ ತಾವು ಒಂದೇ ಧಾತುವಿನ ಎರಡು ರೂಪಗಳನ್ನು ಬಳಸಿದೆವು ಎಂಬ ಸುಳಿವೇ ಇರುವುದಿಲ್ಲ. ಮಾಲೀಕ, ಮಿಲ್ಕತ್ತು, ಹಿಂದೆ ಉತ್ತರ ಕರ್ನಾಟಕದ ಮಕ್ಕಳ ನಿದ್ದೆ ಕೆಡಿಸುತ್ತಿದ್ದ ಮುಲ್ಕಿ ಪರೀಕ್ಷೆ, ಇವೂ ಒಂದೇ ಮನೆತನ: ‘ಮ್-ಲ್-ಕ್’.

ಧಾತುವಿನಂತೆಯೇ ಸ್ವರಗಳಿಗೂ ಅಚ್ಚುಗಳಿವೆ. ಅವು ತಿಳಿದಾಗ ನನಗೆ ಬೋರ್ಡು ಓದಲು ಬಂತು. ನಮ್ಮ ಬೀದಿಯ ಕ್ಷೌರದಂಗಡಿಯ ಮೇಲೆ ಇರುವುದು ನಾಲ್ಕೇ ಅಕ್ಷರ: ಹ, ಲ, ಅಲಿಫ್, ಕ. ಅಕ್ಷರ ಹಿಡಿದು ಓದಿದರೆ ಹಲಾಕ್, ಹಿಲಾಕ್, ಹುಲಾಕ್ ಏನೂ ಆದೀತು. ಅದು ಹಲ್ಲಾಕ್ ಎಂದು ತಿಳಿಯುವುದು ಹೇಗೆ? ಪಕ್ಕದ ದರ್ಜಿ ಖಯ್ಯಾತ್, ಎದುರಿನ ಬಡಗಿ ನಜ್ಜಾರ್, ಆಚೆ ರೊಟ್ಟಿ ಸುಡುವವನು ಖಬ್ಬಾಜ್. ಮೊದಲ ಅಕ್ಷರಕ್ಕೆ ಅ, ನಡುವಿನದಕ್ಕೆ ಒತ್ತು ಮತ್ತು ಆ, ಕೊನೆಯದು ನಿಂತದ್ದು. ದಿನವಿಡೀ ಒಂದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವರಿಗೆಲ್ಲ ಈ ಅಚ್ಚು. ಅಂಗಡಿಯ ಬೋರ್ಡಿನಲ್ಲಿ ಕಸುಬಿನ ಹೆಸರಿದೆ ಎಂದು ಗೊತ್ತಾದರೆ ಸ್ವರ ತಾನಾಗಿ ಬಂದು ಕೂರುತ್ತದೆ. ಡಿ.ವಿ.ಜಿ.ಯವರ ‘ಉಮರನ ಒಸಗೆ’ಯ ಮೂಲಕವಿ ಖಯ್ಯಾಮನ ಹೆಸರೂ ಇದೇ ಅಚ್ಚಿನದು, ಡೇರೆ ಹೊಲಿಯುವವನು ಎಂದು ಅರ್ಥ. ಹುಬ್ಬಳ್ಳಿಯ ಎ.ಪಿ.ಎಂ.ಸಿ.ಗೆ ಹೋದರೆ ಅಲ್ಲೂ ಇವರ ಬಳಗವಿದೆ. ಮೂಟೆ ಹೊರುವ ಹಮಾಲ, ಅರಬ್ಬಿಯ ಹಮ್ಮಾಲ್. ವ್ಯಾಪಾರ ಕುದುರಿಸುವ ದಲ್ಲಾಳಿ, ಅಲ್ಲಿಯ ದಲ್ಲಾಲ್. ಪೇಟೆಯ ಸರಾಫ, ಅಲ್ಲಿಯ ಸರ್ರಾಫ್. ಹಮಾಲನೂ ಸರಾಫನೂ ದಾರಿಯಲ್ಲಿ ಒತ್ತು ಕಳೆದುಕೊಂಡರು. ದಲ್ಲಾಳಿ ಮಾತ್ರ ತನ್ನದನ್ನು ಬಿಟ್ಟುಕೊಟ್ಟಿಲ್ಲ. ದಲ್ಲಾಳಿಗಳು ಏನನ್ನಾದರೂ ಬಿಟ್ಟುಕೊಟ್ಟದ್ದುಂಟೆ?

ಒತ್ತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಮ್ಮಾಮ್ ಎಂದರೆ ಸ್ನಾನದ ಮನೆ, ಹಮಾಮ್ ಎಂದರೆ ಪಾರಿವಾಳ. ನಮ್ಮ ಹಳೆಯ ಹಮಾಮ್ ಸೋಪಿನ ಹೆಸರು ಕೇಳಿದ ಅರಬ್ಬ ಅದು ಪಾರಿವಾಳ ತೊಳೆಯಲಿಕ್ಕೆ ಎಂದುಕೊಂಡಾನು. ದೀರ್ಘವೂ ಅಷ್ಟೇ. ಜಮಾಲ್ ಎಂದರೆ ಸೌಂದರ್ಯ, ಜಮಲ್ ಎಂದರೆ ಒಂಟೆ. ಕರೆಯುವ ಅವಸರದಲ್ಲಿ ಆಕಾರ ಮೊಟಕು ಮಾಡಿದರೆ ಜಮಾಲ್ ಸಾಹೇಬರಿಗೆ ಡುಬ್ಬ ಬರುತ್ತದೆ.

ಇಷ್ಟಕ್ಕೂ ಈ ಗೆರೆಗಳನ್ನು ಕಂಡುಹಿಡಿದವರು ಯಾರು? 7ನೇ ಶತಮಾನದಲ್ಲಿ ಇರಾಕಿನ ಬಸ್ರಾದಲ್ಲಿ ಅಬುಲ್ ಅಸ್ವದ್ ಅದ್ದುಅಲೀ ಎಂಬ ವಿದ್ವಾಂಸನಿದ್ದ. ಮಗಳು ಒಂದು ರಾತ್ರಿ ಆಕಾಶ ನೋಡಿ, ಎಷ್ಟು ಚೆಂದ ಎನ್ನಲು ಹೋಗಿ ‘ಅಹ್ಸನ’ ಎನ್ನುವ ಕಡೆ ‘ಅಹ್ಸನು’ ಎಂದಳಂತೆ. ಆಗ ಅದು ಉದ್ಗಾರ ಹೋಗಿ ಪ್ರಶ್ನೆಯಾಯಿತು: ಆಕಾಶದಲ್ಲಿ ಎಲ್ಲಕ್ಕಿಂತ ಚೆಂದದ್ದು ಯಾವುದು? ತಂದೆ ಗಂಭೀರವಾಗಿ, “ಅದರ ನಕ್ಷತ್ರಗಳು” ಎಂದು ಉತ್ತರ ಕೊಟ್ಟ. ಮನೆಮಗಳೇ ಹೀಗಾದರೆ, ಹೊಸದಾಗಿ ಅರಬ್ಬಿ ಕಲಿತ ಪರ್ಷಿಯನ್ನರು ಕುರ್‌ಆನನ್ನು ಹೇಗೆ ಓದಿಯಾರು ಎಂಬ ಚಿಂತೆ ಹತ್ತಿತು. ಒಬ್ಬ ಲಿಪಿಕಾರನನ್ನು ಕೂರಿಸಿಕೊಂಡ. ನಾನು ಓದುತ್ತೇನೆ, ನೀನು ನನ್ನ ಬಾಯಿ ನೋಡು ಎಂದ. ಬಾಯಿ ತೆರೆದರೆ ಅಕ್ಷರದ ಮೇಲೆ ಚುಕ್ಕೆ, ತುಟಿ ಕೂಡಿಸಿದರೆ ಪಕ್ಕದಲ್ಲಿ, ದನಿ ಕೆಳಕ್ಕಿಳಿದರೆ ಕೆಳಗೆ. ಚುಕ್ಕೆ ಬೇರೆ ಬಣ್ಣದ ಮಸಿಯಲ್ಲಿರಲಿ ಎಂದ. ಮುಂದೆ ಅಕ್ಷರಗಳನ್ನು ಒಂದರಿಂದೊಂದು ಬೇರೆ ಮಾಡುವ ಚುಕ್ಕೆಗಳ ಬಳಕೆಯೂ ಹೆಚ್ಚಿ ಎರಡು ಜಾತಿಯ ಚುಕ್ಕೆಗಳಲ್ಲಿ ಗೊಂದಲವಾಯಿತು. 8ನೇ ಶತಮಾನದಲ್ಲಿ ಅದೇ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಸ್ವರದ ಚುಕ್ಕೆ ತೆಗೆದು ಈಗಿನ ಗುರುತು ತಂದ. ಪುಟ್ಟ ಅಲಿಫನ್ನು ಓರೆಯಾಗಿ ಮಲಗಿಸಿ ಅಕಾರ, ಪುಟ್ಟ ವಾವ್‌ನಿಂದ ಉಕಾರ. ಈ ಖಲೀಲ್ ಒಮಾನ್ ಮೂಲದವನಾದ್ದರಿಂದ ಮಸ್ಕತ್ತಿನಲ್ಲಿ ಅವನ ಹೆಸರೆತ್ತಿದರೆ ಜನರ ಎದೆ ಉಬ್ಬುತ್ತದೆ. ಅರಬ್ಬಿಯ ಮೊದಲ ನಿಘಂಟೂ ಛಂದಶ್ಶಾಸ್ತ್ರವೂ ಅವನದೇ. ಅಂಗಡಿಯವನ ಮೋಸಕ್ಕೆ ಸಿಗದಂತೆ ಮನೆಗೆಲಸದ ಹುಡುಗಿಯೂ ಕಲಿಯಬಹುದಾದ ಸುಲಭದ ಲೆಕ್ಕದ ವಿಧಾನವನ್ನು ಯೋಚಿಸುತ್ತ ನಡೆದಾಗ ಮಸೀದಿಯ ಕಂಬಕ್ಕೆ ಢಿಕ್ಕಿ ಹೊಡೆದು ತೀರಿಕೊಂಡನೆಂದು ಕಥೆಯಿದೆ. ಸ್ವರ ಅವನನ್ನೇನೂ ಮಾಡಲಿಲ್ಲ, ಲೆಕ್ಕ ಕೊಂದಿತು. ಲೆಕ್ಕಿಗನಾದ ನಾನು ಈ ಕಥೆಯನ್ನು ಆಫೀಸಿನಲ್ಲಿ ಹೇಳಿಲ್ಲ.

ಅಹ್ಸನ, ಅಹ್ಸನು ಪ್ರಸಂಗದಲ್ಲಿ ತಿಳಿಯುವ ಹಾಗೆ, ಅರಬ್ಬಿಯಲ್ಲಿ ಪದದ ಕೊನೆಯ ಸ್ವರ ವಿಭಕ್ತಿ ಪ್ರತ್ಯಯದ ಕೆಲಸ ಮಾಡುತ್ತದೆ. ಹುಡುಗ ಕರ್ತೃವಾದರೆ ಅಲ್-ವಲದು, ಕರ್ಮವಾದರೆ ಅಲ್-ವಲದ, ಹುಡುಗನ ಎನ್ನಬೇಕಾದರೆ ಅಲ್-ವಲದಿ. ಪ್ರಥಮಾ ವಿಭಕ್ತಿಗೆ ಉಕಾರ ಎಂದು ಉಸ್ತಾದರು ಹೇಳಿದಾಗ ನನಗೆ ಊರಿನ ನೆಂಟರನ್ನು ಕಂಡಷ್ಟು ಸಂತೋಷವಾಯಿತು. ನಮ್ಮ ಶಾಲೆಯಲ್ಲೂ ಪ್ರಥಮಾ ಉ, ದ್ವಿತೀಯಾ ಅನ್ನು ಎಂದೇ ತಾನೆ ಉರು ಹೊಡೆದದ್ದು? ನೆಂಟಸ್ತಿಕೆ ಏನೂ ಇಲ್ಲ, ಕಾಕತಾಳೀಯ. ಬಳಕೆಯಲ್ಲೂ ಇಬ್ಬರೂ ಒಂದೇ. ನಾವು ಪರೀಕ್ಷೆಯಲ್ಲಿ ರಾಮನು ಮನೆಯನ್ನು ಕಟ್ಟಿದನು ಎಂದು ಬರೆದು, ಹೊರಗೆ ಬಂದು ರಾಮ ಮನೆ ಕಟ್ಟಿದ ಎನ್ನುತ್ತೇವೆ. ಅರಬ್ಬರೂ ಆಡುಮಾತಿನಲ್ಲಿ ಈ ಬಾಲಗಳನ್ನೆಲ್ಲ ಕತ್ತರಿಸಿ ಎಸೆದಿದ್ದಾರೆ. ಗ್ರಾಂಥಿಕದಲ್ಲಿ ಮಾತಾಡಬೇಕಾಗಿ ಬಂದಾಗ, ಕೊನೆಗೆ ಯಾವ ಸ್ವರವೆಂದು ತೋಚದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಅವರಲ್ಲೊಂದು ಗಾದೆಯೇ ಇದೆ: ‘ಸಕ್ಕಿನ್ ತಸ್ಲಮ್’. ಸುಕೂನ್ ಹಾಕು, ಬಚಾವಾಗು.

ಈ ತಾಪತ್ರಯ ಬೇಡವೆಂದವರೂ ಇದ್ದಾರೆ. ತುರ್ಕಿ ಭಾಷೆಗೆ ಎಂಟು ಸ್ವರ. ಅದನ್ನು ಈ ಲಿಪಿಯಲ್ಲಿ ಬರೆದು ಸಾಕಾಗಿ 1928ರಲ್ಲಿ ಕೆಮಾಲ್ ಪಾಷಾ ಲ್ಯಾಟಿನ್ ಅಕ್ಷರ ತಂದ. ಉಯ್ಘುರರೂ ಇರಾಕಿನ ಕುರ್ದರೂ ಅರಬ್ಬಿ ಲಿಪಿಯಲ್ಲೇ ಸ್ವರಗಳಿಗೆ ಅಕ್ಷರ ಮಾಡಿಕೊಂಡರು. ಸ್ವತಃ ಅರಬ್ಬರಲ್ಲೇ 1940ರ ದಶಕದಲ್ಲಿ ಅಬ್ದುಲ್ ಅಜೀಜ್ ಫಹ್ಮಿ ಎಂಬ ಹಿರಿಯ ನ್ಯಾಯವೇತ್ತ, ಲ್ಯಾಟಿನ್ ಲಿಪಿಗೆ ಹೋಗೋಣ ಎಂದು ಕೈರೋದ ಅರಬ್ಬಿ ಭಾಷಾ ಅಕಾಡೆಮಿಯ ಮುಂದೆ ಸಲಹೆಯಿಟ್ಟ. ದೊಡ್ಡ ಗದ್ದಲವಾಯಿತು. ಲಿಪಿ ಸುಧಾರಣೆಗೆ ಅಕಾಡೆಮಿ ಬಹುಮಾನವನ್ನೂ ಸಾರಿತು, ರಾಶಿ ಯೋಜನೆಗಳು ಬಂದವು, ಯಾವುದೂ ಜಾರಿಗೆ ಬರಲಿಲ್ಲ. ಪತ್ರಿಕೆ ಮರುದಿನವೂ ಗೆರೆಯಿಲ್ಲದೆಯೇ ಬಂತು, ಜನ ಓದಿದರು.

ಅವರು ಬದಲಾಗದೆ ಉಳಿದದ್ದು ಹಟದಿಂದ ಮಾತ್ರವಲ್ಲ, ಅವರ ಭಾಷೆಗೆ ಆ ಅಂಗಿ ಹೊಂದುತ್ತದೆ ಎಂದು ಈಗ ನನಗನ್ನಿಸುತ್ತದೆ. ಕನ್ನಡಕ್ಕೆ ಅದನ್ನು ತೊಡಿಸಿದರೆ ಮಾನ ಹೋದೀತು, ಅಷ್ಟೆ. ಅರಬ್ಬಿ ಕಲಿಯಬೇಕೆಂದಿರುವ ಕನ್ನಡಿಗರಿಗೆ ನನ್ನದೊಂದು ಬಿನ್ನಹ. ಅಕ್ಷರಗಳ ನೆತ್ತಿಯ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳಬೇಡಿ, ಕಣ್ಣು ಅದನ್ನೇ ಓದುತ್ತದೆ. ಗೆರೆಯಿರುವ ಮಕ್ಕಳ ಪುಸ್ತಕ ಹಿಡಿಯಲು ನಾಚಬೇಡಿ. ಒಂದು ಪದ ಸಿಕ್ಕಿದರೆ ಅದರ ಮನೆತನದ ಇನ್ನೆರಡು ಪದ ಕೇಳಿಟ್ಟುಕೊಳ್ಳಿ. ಒಂಟಿ ಪದ ಮರೆತುಹೋಗುತ್ತದೆ, ಬಳಗ ಮರೆಯುವುದಿಲ್ಲ. ಬಲ್ಲವರು ಮಾತಾಡುವಾಗ ಅವರ ಬಾಯಿ ನೋಡಿ. ಪದದ ಕೊನೆಗೆ ಅ, ಇ, ಉ ಯಾವುದೆಂದು ಅನುಮಾನ ಬಂದರೆ ಮುಲಾಜಿಲ್ಲದೆ ನುಂಗಿಬಿಡಿ. ನಮ್ಮ ಉಸ್ತಾದರೂ ಅದನ್ನೇ ಮಾಡುತ್ತಾರೆ.